ಸಾಕ್ಷಿ ಹೇಳೋದು ಹೇಗೆ?

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 26:1-23, 12:1-17



ದೊಡ್ಡ ದೊಡ್ಡ ದೇವಸೇವಕರ ಸಾಕ್ಷಿ, ಹಾಡುಗಾರರ ಸಾಕ್ಷಿ ನಾವು ಮೊಬೈಲ್‌ನಲ್ಲಿ ಕೇಳ್ತಾ ಇರ್ತೇವೆ. ಒಬ್ಬರಿಗೆ ಕುಡಿತದಿಂದ ಬಿಡುಗಡೆ, ಇನ್ನೊಬ್ಬರಿಗೆ ಡಾಕ್ಟರ್ ಕೈಬಿಟ್ಟ ರೋಗದಿಂದ ಸ್ವಸ್ಥತೆ. ದೇವರಿಗೆ ಸ್ತೋತ್ರ! ಆದರೆ ಕೇಳಿದ ಮೇಲೆ ನಮ್ಮಲ್ಲಿ ಕೆಲವರು, "ಪಾಸ್ಟ್ರೇ, ನನ್ನ ಹತ್ತಿರ ಅಂಥದ್ದೇನೂ ಇಲ್ಲ" ಅಂತಾರೆ. ಅದಕ್ಕೇ ಇವತ್ತು ಈ ಪಾಠ.

1. ಸಾಕ್ಷಿಯ ನಾಯಕ ಯೇಸು

ಅಗ್ರಿಪ್ಪ ರಾಜನ ಮುಂದೆ ಪೌಲನು ಮೂರು ಭಾಗವಾಗಿ ಮಾತಾಡಿದ: ಮೊದಲು ನಾನು ಹೇಗಿದ್ದೆ (4-11), ಯೇಸು ನನ್ನನ್ನು ಹೇಗೆ ಸಂಧಿಸಿದ (12-18), ಆಮೇಲೆ ನಾನು ಏನು ಮಾಡಿದೆ (19-23). ಹಳೇ ಪಾಪವನ್ನು ಮುಚ್ಚಿಡಲಿಲ್ಲ, ರುಚಿಯಾಗಿ ವರ್ಣಿಸಲೂ ಇಲ್ಲ. ಕೊನೆಗೆ ಜನರನ್ನು ಕ್ರಿಸ್ತನ ಮರಣ, ಪುನರುತ್ಥಾನದ ಹತ್ತಿರ ತಂದು ನಿಲ್ಲಿಸಿದ. ನಮ್ಮ ಸಾಕ್ಷಿ ಮುಗಿದಾಗ ಕೇಳಿದವರ ಮನಸ್ಸಲ್ಲಿ ಯಾರು ಉಳೀತಾರೆ? ನಾವೋ, ಯೇಸುವೋ?

2. ಗೊತ್ತಿರೋದನ್ನೇ ಹೇಳಿ

ಯೋಹಾನ 9ರ ಹುಟ್ಟುಕುರುಡನಿಗೆ ದೊಡ್ಡ ಪ್ರಶ್ನೆಗಳಿಗೆ ಉತ್ತರ ಗೊತ್ತಿರಲಿಲ್ಲ. ಮೊದಲು ಕಣ್ಣು ಕಾಣ್ತಿರಲಿಲ್ಲ, ಈಗ ಕಾಣ್ತದೆ, ಅಷ್ಟೇ ಹೇಳಿದ. ಮೂರು ದಿನ ಜ್ವರ ಇದ್ದಿದ್ರೆ ಮೂರೇ ದಿನ ಅನ್ನಿ. ಮಾತ್ರೆ ತಗೊಂಡಿದ್ರೆ ಅದನ್ನೂ ಹೇಳಿ. ಸುಳ್ಳುಸಾಕ್ಷಿ ಬೇಡ ಅನ್ನೋ ಆಜ್ಞೆ ಸ್ಟೇಜ್ ಮೇಲೂ ಅನ್ವಯಿಸ್ತದೆ. ಗಂಡನ ಕುಡಿತ, ಮಗಳ ಕಷ್ಟ ಹೇಳುವ ಮೊದಲು ಅವರನ್ನು ಕೇಳಿ. ಅದು ಅವರ ಮಾನದ ವಿಷಯ.

3. ಸಾಕ್ಷಿಯನ್ನು ಬದುಕಬೇಕು

ನಮ್ಮ ಕೊಡಗಿನಲ್ಲೇ ಒಂದು ಉದಾಹರಣೆ ಇದೆ. ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಸ್ವಂತ ಜನರಿಂದ ದೂರವಾಗಬೇಕಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಸಭಾಸೇವೆಗೆ ಅಭಿಷಿಕ್ತರಾಗಿ ಊರಿಗೆ ಬಂದರು. ಅಂಥ ಕಥೆ ಇಟ್ಟುಕೊಂಡು ಜೀವಮಾನವಿಡೀ ವೇದಿಕೆಯಿಂದ ವೇದಿಕೆಗೆ ಹೋಗಬಹುದಿತ್ತು. ಆದರೆ ಅವರ ಹೆಸರು ನಮ್ಮ ಜಿಲ್ಲೆಯಲ್ಲಿ ಉಳಿದಿರೋದು ಆನಂದಪುರದ ಜೊತೆ. 1850ರ ದಶಕದಲ್ಲಿ ಅವರೂ ಹರ್ಮನ್ ಮೋಗ್ಲಿಂಗರೂ ಕೊಡಗಿನಲ್ಲಿ ಸೇವೆ ಮಾಡಿದಾಗ, ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದ ದಲಿತ ಕುಟುಂಬಗಳು ವಿಶ್ವಾಸಕ್ಕೆ ಬಂದವು. ಆ ಜನರ ನೆಲೆಯೇ ಆನಂದಪುರ. ಯಾರ ನೆರಳೂ ಬೀಳಬಾರದು ಅಂತ ಆ ಕಾಲದ ಸಮಾಜ ಹೇಳ್ತಿತ್ತೋ, ಅವರ ಸೇವಕನಾಗಿ ಒಬ್ಬ ಬ್ರಾಹ್ಮಣ ಹುಟ್ಟಿನವನು ನಿಂತ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಪ್ರಿಯರೇ, ಲೈನ್‌ಮನೆಯ ವಿಶ್ವಾಸಿ ಮನೆಯಲ್ಲಿ ನಾವು ಊಟಕ್ಕೆ ಕೂತ್ಕೊಳ್ತೇವಾ?

4. ಪಕ್ಕದಲ್ಲಿ ಕೂತವರನ್ನು ನೋಡಿ

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ನಮ್ಮ ಈ ಭಾಗದಲ್ಲಿ ಯಾರೂ ಮರೆತಿಲ್ಲ. "ದೇವರು ನನ್ನ ಮನೆ ಉಳಿಸಿದ" ಅಂತ ಒಬ್ಬರು ಹೇಳುವಾಗ, ಮನೆ ಕಳಕೊಂಡ ವಿಶ್ವಾಸಿ ಅಲ್ಲೇ ಕೂತಿರಬಹುದು. ಹಾಗಾದರೆ ಅವರ ಪ್ರಾರ್ಥನೆ ಕಡಿಮೆ ಇತ್ತಾ? ಇಲ್ಲ! ಅಪೊಸ್ತಲರ ಕೃತ್ಯಗಳು 12 ನೋಡಿ. ಒಂದೇ ಅಧ್ಯಾಯದಲ್ಲಿ ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಪೇತ್ರನನ್ನು ದೇವದೂತನು ಸೆರೆಯಿಂದ ಹೊರಗೆ ತಂದ. ಇಬ್ಬರೂ ಕರ್ತನಿಗೆ ಪ್ರಿಯರೇ. ಯಾಕೆ ಹೀಗೆ ಅಂತ ವಾಕ್ಯ ವಿವರಿಸೋದಿಲ್ಲ. ನಾವೂ ಕಾರಣ ಹುಟ್ಟಿಸಬಾರದು. ಉಪಕಾರ ಸ್ತುತಿ ಮಾಡಿ, ಆಮೇಲೆ ಆ ಕುಟುಂಬದ ಹತ್ತಿರ ಹೋಗಿ ಕೂತ್ಕೊಳ್ಳಿ.

5. ಉತ್ತರ ಬರುವ ಮೊದಲೂ ಹಾಡಬಹುದು

ಹಾಡುವ ತಮ್ಮಂದಿರೇ, ತಂಗಿಯರೇ, ಇದು ನಿಮಗೆ. ಪೌಲ ಸೀಲರು ಮಧ್ಯರಾತ್ರಿ ಹಾಡಿದಾಗ ಬಾಗಿಲು ಇನ್ನೂ ತೆರೆದಿರಲಿಲ್ಲ (16:25). ಬೆನ್ನಿನ ಗಾಯ ತೊಳೆದದ್ದೂ ಆಮೇಲೆ (16:33). ಆದರೂ ಬೇರೆ ಸೆರೆಯವರು ಕಿವಿಗೊಟ್ಟು ಕೇಳಿದರು. ಇನ್ನೂ ಗುಣವಾಗದ ಕಾಯಿಲೆ, ಇನ್ನೂ ತೀರದ ಸಾಲದ ನಡುವೆ ಯೇಸುವನ್ನು ಹಿಡಕೊಂಡಿದ್ದೀರಾ? ಅದೂ ಸಾಕ್ಷಿಯೇ. ಹಲ್ಲೆಲೂಯಾ!

ಈ ವಾರದ ಅಭ್ಯಾಸ: ನಿಮ್ಮ ಸಾಕ್ಷಿಯನ್ನು ಹತ್ತು ಸಾಲಲ್ಲಿ ಬರೆಯಿರಿ. ಬರೆಯಲು ಬಾರದವರು ಮಕ್ಕಳಿಂದ ಬರೆಸಿ. ಮೊದಲು ಮನೆಯಲ್ಲಿ ಓದಿ. ನಿಮ್ಮನ್ನು ದಿನಾ ನೋಡುವವರು ಅದಕ್ಕೆ ಆಮೆನ್ ಅಂದರೆ, ಮುಂದಿನ ಭಾನುವಾರ ಸಭೆಯಲ್ಲಿ ಹೇಳಿ.

ಕರ್ತನು ತನ್ನ ವಾಕ್ಯವನ್ನು ಆಶೀರ್ವದಿಸಲಿ. ಆಮೆನ್.