ಉದ್ಯಮಕ್ಕೂ ಒಂದು ಹಗೇವು ಬೇಕು

ಬೈಲಹೊಂಗಲ, ಕಿತ್ತೂರ, ಸವದತ್ತಿ ಕಡೆಯ ಹಿರಿಯರು ಸುಗ್ಗಿಯಲ್ಲಿ ಮೊದಲು ಹಗೇವು ತುಂಬುತ್ತಿದ್ದರು. ಉಳಿದ ಜೋಳ ಪ್ಯಾಟಿಗೆ. ಬರಗಾಲದಲ್ಲಿ ಮನೆಮಂದಿಯಷ್ಟೇ ಅಲ್ಲ, ಆಳುಮಕ್ಕಳೂ ಅದನ್ನೇ ಉಣ್ಣುತ್ತಿದ್ದರು. ಹತ್ತು ರೈತರು ಕೂಡಿ ಕಡಲೆಬ್ಯಾಳಿ ಗಿರಣಿಯನ್ನೋ ಕುಸುಬೆಣ್ಣೆ ಗಾಣವನ್ನೋ ನಡೆಸುವುದಕ್ಕೂ ಇದೇ ಪಾಠ.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭೆ ರಾಮದುರ್ಗ ತಾಲೂಕಿನ ದಂಡೆಯ ಊರುಗಳಿಗೆ ನುಗ್ಗಿತು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವಾದವು. ನೆರೆ, ಬರ ಎರಡೂ ಬರುತ್ತವೆ ಎಂದು ಲೆಕ್ಕ ಹಾಕಿಯೇ ಉದ್ಯಮಕ್ಕೆ ಕೈಹಾಕಬೇಕು.

ಒಂದು: ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ಸಂಘವು ನಿವ್ವಳ ಲಾಭದ ಕನಿಷ್ಠ ಶೇ. 25ನ್ನು ಮೀಸಲು ನಿಧಿಗೆ ತೆಗೆದಿಡಬೇಕು. ನೋಂದಣಿಯಾಗದ ಸಣ್ಣ ಗುಂಪೂ ಇದನ್ನೇ ಪಾಲಿಸಲಿ. ಲಕ್ಷ ರೂಪಾಯಿ ಲಾಭವಾದರೆ 25 ಸಾವಿರ ಬೇರೆ ಖಾತೆಗೆ.

ಎರಡು: ಕಷ್ಟ ಬಂದಾಗ ಯಾರಿಗೆ ಮೊದಲು ಹಣ ಎಂಬುದನ್ನು ಚಲೋ ದಿನಗಳಲ್ಲೇ ಠರಾವು ಮಾಡಿ. ಮೊದಲು ಹಮಾಲರ, ಕಾಳು ಹಸನು ಮಾಡುವ ಹೆಣ್ಣುಮಕ್ಕಳ ಪಗಾರ. ಆಮೇಲೆ ಎರಡು ಚೀಲ ಕಡಲೆ ಉದ್ರಿ ಕೊಟ್ಟ ಸಣ್ಣ ರೈತ. ಪಾಲುದಾರರ ಲಾಭಾಂಶ ಕಟ್ಟಕಡೆಗೆ.

ಮೂರು: ನಷ್ಟವಾದ ಕೂಡಲೇ ಸದಸ್ಯರನ್ನು ಕರೆದು ಕಿರ್ದಿ ಬಿಚ್ಚಿಡಿ. ಮುಚ್ಚಿಟ್ಟ ನಷ್ಟ ಅಂದ್ರ ನೀರು ಹೊಕ್ಕ ಹಗೇವು. ಮ್ಯಾಲೆ ಕಾಣೂದಿಲ್ಲ, ಒಳಗ ಕೊಳೀತದ. ಗಿರಣಿ ನಿಂತರೆ ಮತ್ತೆ ಹೂಡಬಹುದು. ನಂಬಿಕೆ ಹೋದರೆ ಮರುವರ್ಷ ಒಂದು ಚೀಲವೂ ಬರಲಿಕ್ಕಿಲ್ಲ.

ಈ ಸಲ ಲೆಕ್ಕ ಬರೆಯುವಾಗ ಮೊದಲ ಸಾಲಿನಲ್ಲೇ ಹಗೇವಿನ ಪಾಲು ಬರೆಯಿರಿ.