ಲಕ್ಷ್ಯಕ್ಕೆ ಒಗ್ಗದ ಲಕ್ಷಣ

ನೌಕಾಪಡೆಯಿಂದ ನಿವೃತ್ತನಾಗಿ, ಹೆಸರಿನಲ್ಲಷ್ಟೇ ದೋಣಿ ಇರುವ ದೋಣಿಮಲೈಯಲ್ಲಿ ನೆಲೆಸಿದವನಿಗೆ ಸಮುದ್ರದ ಸುದ್ದಿ ಬರುವುದು ಟಿವಿಯ ಜಗಳಗಳಿಂದಲೇ. ಧ್ವಜ ಬದಲಾಯಿತು, ಬ್ಯಾಂಡಿನ ಧಾಟಿ ಬದಲಾಯಿತು. ಗುಲಾಮಗಿರಿಯ ಗುರುತು ಅಳಿಯಿತು ಎಂದು ಒಬ್ಬರು, ಪರಂಪರೆ ಹಾಳಾಯಿತು ಎಂದು ಇನ್ನೊಬ್ಬರು. ಬದಲಾದದ್ದು ಬಳಕೆಗೆ ಒಗ್ಗುತ್ತದೆಯೇ ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಇಲ್ಲ. ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಸೇವೆ. ಅದಕ್ಕೊಂದು ಹೆಸರು ಸಿಕ್ಕಿದ್ದು ಇಲ್ಲೇ ಪಕ್ಕದ ಹಂಪಿಯ ಸಂಗೀತಶಾಸ್ತ್ರದಲ್ಲಿ. 1550ರಲ್ಲಿ ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ಯನ್ನು ಬರೆದ. ಗ್ರಂಥಗಳು ಹೇಳುವ ಲಕ್ಷಣಕ್ಕೂ ಹಾಡುವವರ, ನುಡಿಸುವವರ ಲಕ್ಷ್ಯಕ್ಕೂ ಆ ಹೊತ್ತಿಗೆ ತಾಳೆಯಾಗುತ್ತಿರಲಿಲ್ಲ. ರಾಮಾಮಾತ್ಯ ಹಿಂದಿನವರಿಗೆ ಕೈಮುಗಿದೇ, ಸಂಗೀತದಲ್ಲಿ ಲಕ್ಷ್ಯವೇ ಮುಖ್ಯ ಎಂಬ ಪಕ್ಷ ಹಿಡಿದ. ವೀಣೆಯ ಮೇಲೆ ಸ್ವರಸ್ಥಾನಗಳನ್ನು ಗೊತ್ತುಮಾಡಿ, ರಾಗಗಳನ್ನು 20 ಮೇಳಗಳಿಗೆ, ಅಂದರೆ ಮೂಲ ಸ್ವರಗುಂಪುಗಳಿಗೆ, ಒಳಪಡಿಸಿದ. ರಾಜಕೀಯಕ್ಕೂ ಇದೇ ಅಳತೆಗೋಲು ಸಾಕು ಎಂಬುದು ನನ್ನ ವಾದ: ಧ್ವಜ, ಹಾಡು, ಹೆಸರು ಇವು ಲಕ್ಷಣ; ಕಾವಲು, ಲೆಕ್ಕ, ಶಿಸ್ತು ಇವು ಲಕ್ಷ್ಯ.

ನೌಕಾ ಧ್ವಜದ ಕಥೆಯನ್ನೇ ನೋಡಿ. ಬ್ರಿಟಿಷರ ಕಾಲದ ಕೆಂಪು ಸೇಂಟ್ ಜಾರ್ಜ್ ಶಿಲುಬೆ ಸ್ವತಂತ್ರ ಭಾರತದ ಹಡಗುಗಳ ಮೇಲೂ ಅರ್ಧ ಶತಮಾನ ಹಾರಿತು. 2001ರ ಆಗಸ್ಟ್ 15ರಂದು ಅದನ್ನು ತೆಗೆದು ನೌಕಾಪಡೆಯ ನೀಲಿ ಲಾಂಛನವನ್ನು ಇಟ್ಟರು. ದೇಶಾಭಿಮಾನದ ದೃಷ್ಟಿಯಿಂದ ಅದರಲ್ಲಿ ಕುಂದಿರಲಿಲ್ಲ. ಆದರೆ ನೀಲಿ ಬಣ್ಣ ಆಕಾಶದಲ್ಲೂ ಕಡಲಿನಲ್ಲೂ ಕರಗಿಹೋಗುತ್ತದೆ, ದೂರಕ್ಕೆ ಗುರುತೇ ಸಿಗುವುದಿಲ್ಲ ಎಂಬ ದೂರು ಬಂತು. 2004ರಲ್ಲಿ ಶಿಲುಬೆ ಮರಳಿತು, ನಡುವೆ ಅಶೋಕಸ್ತಂಭದ ಸಿಂಹಗಳನ್ನು ಹೊತ್ತು. ಅದನ್ನು ಮರಳಿ ತಂದದ್ದು ಬ್ರಿಟಿಷ್ ಮೋಹವಲ್ಲ, ಕಣ್ಣಿನ ಅಳತೆ. 2022ರ ಸೆಪ್ಟೆಂಬರ್ 2ರಂದು, ವಿಮಾನವಾಹಕ ನೌಕೆ ವಿಕ್ರಾಂತ್ ಸೇವೆಗೆ ಸೇರಿದ ದಿನ, ಶಿಲುಬೆ ಮತ್ತೆ ಹೋಗಿ ಶಿವಾಜಿಯ ಮುದ್ರೆಯಿಂದ ಪ್ರೇರಿತವಾದ ಅಷ್ಟಕೋನ ಬಂತು. ಬರಲಿ, ಪರದೇಶದ ಸಂತನ ಶಿಲುಬೆಯನ್ನು ನಾವು ಕೊನೆಯವರೆಗೂ ಹೊರಬೇಕೆಂಬ ನಿಯಮವೇನಿಲ್ಲ. ಆದರೆ ಚರಿತ್ರೆಯನ್ನು ಲಾಂಛನ ಮಾಡಿಕೊಳ್ಳುವಾಗ ಅದರ ಅರ್ಧ ಮಾತ್ರ ಕೈಗೆ ಬರುತ್ತದೆ. ಶಿವಾಜಿಯ ಹಡಗುಗಳು 1665ರಲ್ಲಿ ಕೊಳ್ಳೆಹೊಡೆದದ್ದು ನಮ್ಮದೇ ಕರಾವಳಿಯ ಬಸರೂರನ್ನು. ಘೋರ್ಪಡೆಗಳ ಮರಾಠಾ ಮನೆತನ 1949ರವರೆಗೆ ಆಳಿದ ಸಂಡೂರಿನ ಸೀಮೆಯಲ್ಲಿ ಕೂತು ನಾನಿದನ್ನು ಹೇಳುವುದು ಯಾರನ್ನೂ ಕೆಣಕಲಿಕ್ಕಲ್ಲ. ಬಸರೂರನ್ನು ಮರೆಯದೆಯೂ ಆ ಅಷ್ಟಕೋನಕ್ಕೆ ಸೆಲ್ಯೂಟ್ ಹೊಡೆಯಬಹುದು.

ಸಂಗೀತದ ವಿಷಯಕ್ಕೆ ಬಂದರೆ ಶುದ್ಧೀಕರಣದ ವಾದ ಇನ್ನೂ ಸೊರಗುತ್ತದೆ. ಗಾಂಧೀಜಿಗೆ ಪ್ರಿಯವಾಗಿದ್ದ ‘ಅಬೈಡ್ ವಿತ್ ಮಿ’ ಎಂಬ ಇಂಗ್ಲಿಷ್ ಪ್ರಾರ್ಥನಾಗೀತೆಯನ್ನು 2022ರಲ್ಲಿ ಗಣರಾಜ್ಯೋತ್ಸವದ ಬೀಟಿಂಗ್ ರಿಟ್ರೀಟ್‌ನಿಂದ ಕೈಬಿಟ್ಟು ‘ಏ ಮೇರೆ ವತನ್ ಕೆ ಲೋಗೊ’ ಸೇರಿಸಿದರು. ಹೊಸ ಆಯ್ಕೆಯ ಮೇಲೆ ನನಗೆ ಸಿಟ್ಟಿಲ್ಲ. 1962ರ ಯುದ್ಧದಲ್ಲಿ ಮಡಿದವರಿಗಾಗಿ ಹುಟ್ಟಿದ ಹಾಡು, ಜನರ ನಾಲಿಗೆಯ ಮೇಲಿದೆ. ಒಪ್ಪಲಾಗದ್ದು ‘ಪರಕೀಯ’ ಎಂಬ ಕಾರಣ. ಹಾಗೆ ಜರಡಿ ಹಿಡಿದರೆ ಬ್ಯೂಗಲ್, ಕ್ಲಾರಿನೆಟ್, ಟ್ರಂಪೆಟ್ ಒಂದೂ ಉಳಿಯದು. 1565ರ ತಾಳಿಕೋಟೆ ಯುದ್ಧದ ಸೋಲಿನ ನಂತರ ವಿಜಯನಗರದ ಶಾಸ್ತ್ರಪರಂಪರೆ ತಂಜಾವೂರಿನಲ್ಲಿ ಬೆಳೆಯಿತು; ಅಲ್ಲಿ ವೆಂಕಟಮಖಿ ಮೇಳಗಳನ್ನು 72ಕ್ಕೆ ವಿಸ್ತರಿಸಿದ. ಅವನ ಹಾದಿ ಹಿಡಿದ ಮುತ್ತುಸ್ವಾಮಿ ದೀಕ್ಷಿತರು ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ‘ಗಾಡ್ ಸೇವ್ ದ ಕಿಂಗ್’ ಧಾಟಿಗೇ ಸಂಸ್ಕೃತ ಸಾಹಿತ್ಯ ಕೂರಿಸಿದರು. ಅವರ ತಮ್ಮ ಬಾಲುಸ್ವಾಮಿ ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಇವರ ಸ್ವಾಭಿಮಾನವನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಹೆಸರು ಬದಲಾಯಿಸುವುದಕ್ಕೂ ಸಂಗೀತಗಾರರು ಹೆದರಲಿಲ್ಲ. ರಾಮಾಮಾತ್ಯ ಹೊಗಳಿದ ಮಾಳವಗೌಳಕ್ಕೆ ಆಮೇಲೆ ‘ಮಾಯಾ’ ಸೇರಿತು, 72ರ ಪಟ್ಟಿಯಲ್ಲಿ ಅದು 15ನೆಯದೆಂದು ಹೆಸರಿನ ಅಕ್ಷರಗಳಿಂದಲೇ ಲೆಕ್ಕ ಹಿಡಿಯಲು. ಪುರಂದರದಾಸರು ಹಾಕಿಕೊಟ್ಟರೆಂದು ನಂಬುವ ಸರಳೆವರಸೆಯನ್ನು ಮಕ್ಕಳು ಇವತ್ತಿಗೂ ಆ ರಾಗದಲ್ಲೇ ಶುರುಮಾಡುತ್ತಾರೆ. ಹೆಸರು ಬದಲಿಸಬೇಕೆಂದಿದ್ದರೆ ಹೀಗೆ ಬದಲಿಸಬೇಕು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಮತ್ತು ಅದು ಗಟ್ಟಿಯಾದದ್ದೇ. ಲಕ್ಷ್ಯವೇ ಮುಖ್ಯವೆಂದರೆ, ನಡೆದದ್ದೆಲ್ಲ ಸರಿ ಎಂದಾಗುವುದಿಲ್ಲವೇ? ಬಳ್ಳಾರಿ ಸೀಮೆಯಲ್ಲಿ ಪರ್ಮಿಟ್ಟಿಲ್ಲದೆ, ತೂಕ ಮೀರಿಸಿ ಅದಿರು ಸಾಗಿಸುವುದೇ ಒಂದು ಕಾಲಕ್ಕೆ ರೂಢಿಯಾಗಿತ್ತಲ್ಲ? ಆದರೆ ರಾಮಾಮಾತ್ಯ ಯಾರು ಹೇಗೆ ಹಾಡಿದರೂ ನಡೆದೀತು ಎನ್ನಲಿಲ್ಲ. ಸ್ವರಕ್ಕೆ ವೀಣೆಯ ಮೇಲೆ ಜಾಗ ತೋರಿಸಿದ. ತುಂಬಿದ ಸಭೆಗೆ ಅಪಸ್ವರ ಕೇಳಿಸುತ್ತದೆ, ಆ ಕೇಳಿಸುವಿಕೆಯೇ ಲಕ್ಷ್ಯದ ಕಾವಲು. ಅದಿರಿನ ವ್ಯವಹಾರ ನಡೆದದ್ದು ಯಾರಿಗೂ ಕೇಳಿಸದ ಹಾಗೆ. ಆ ಅದಿರು ಹಡಗು ಹತ್ತುತ್ತಿದ್ದ ಕರಾವಳಿಯನ್ನೇ ನೋಡಿ. ಕಾರವಾರದಲ್ಲಿ 2005ರಿಂದ ನೌಕಾಪಡೆಯ ದೊಡ್ಡ ನೆಲೆಯಿದೆ, ಹೆಸರು ಐಎನ್‌ಎಸ್ ಕದಂಬ. ಕನ್ನಡಿಗರ ಎದೆಯುಬ್ಬಿಸುವ ಲಕ್ಷಣ. ಅದೇ ಕರಾವಳಿಯ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿಯಾದ ಲಕ್ಷಾಂತರ ಟನ್ ಅದಿರು ಜಪ್ತಿಯಲ್ಲಿರುವಾಗಲೇ ಹಡಗು ಹತ್ತಿ ಹೋಯಿತು. ಬಂದರಿನ ದಾಸ್ತಾನು ಕಾಯುವುದು ನೌಕಾಪಡೆಯ ಕೆಲಸವಲ್ಲ, ನಿಜ. ಆದರೆ ದೇಶದ ಸೊತ್ತು ಸೋರುವಾಗ ಲಾಂಛನ ಎಷ್ಟು ದೇಸಿಯಾಗಿದ್ದರೇನು? ಅಪಸ್ವರ ಎಲ್ಲರಿಗೂ ಕೇಳುವಂತಾದದ್ದು 2011ರ ಜುಲೈನಲ್ಲಿ, ಅಕ್ರಮ ಗಣಿಗಾರಿಕೆ ಕುರಿತ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಮತ್ತು ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಆದೇಶದಿಂದ. ಉಕ್ಕಿನ ಕಾರ್ಖಾನೆಗಳು ನಿಲ್ಲಬಾರದೆಂದು ಆಗಸ್ಟಿನಲ್ಲಿ, ದೋಣಿಮಲೈಯಲ್ಲಿ ಗಣಿ ನಡೆಸುವ ಸರ್ಕಾರಿ ಕಂಪನಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಕೋರ್ಟು ಅನುಮತಿ ಕೊಟ್ಟಿತು. ಆ ಹೊತ್ತಿಗೆ ನಮ್ಮ ಗುಡ್ಡಕ್ಕೆ ಸಿಕ್ಕ ಮರ್ಯಾದೆ ಘೋಷಣೆಯಿಂದ ಬಂದದ್ದಲ್ಲ, ಲೆಕ್ಕದಿಂದ. ಅದೇ ದೋಣಿಮಲೈ ಗಣಿ, ಗುತ್ತಿಗೆ ನವೀಕರಣಕ್ಕೆ ಶೇ. 80ರ ಪ್ರೀಮಿಯಂ ಕೊಡಬೇಕೆಂಬ ರಾಜ್ಯದ ಷರತ್ತಿನ ತಕರಾರಿನಲ್ಲಿ 2018ರ ನವೆಂಬರಿನಿಂದ 2021ರ ಫೆಬ್ರುವರಿವರೆಗೆ ಮುಚ್ಚಿಯೇ ಇತ್ತು. ಅಷ್ಟು ಕಾಲವೂ ಧ್ವಜ ಹಾರಿಸುವ ಆಗಸ್ಟ್ 15, ಜನವರಿ 26 ಬಂದು ಹೋದವು.