ಪೂರ್ತಿ ಕೊಟ್ಟೆ ಅನ್ನಬೇಡ

ಗಲಗಲಿಯ ಹುಡುಗರಿಗೆ ಶೋಧನೆಯ ಬಗ್ಗೆ ಹೇಳು ಎಂದರೆ ನಾನು ಏದೆನ್ ತೋಟದ ಹಣ್ಣಿನಿಂದ ಶುರು ಮಾಡುವುದಿಲ್ಲ, ಮುಳುಗಡೆ ರೊಕ್ಕದಿಂದ ಶುರು ಮಾಡುತ್ತೇನೆ. ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವುದು 519.60 ಮೀಟರಿಗೆ. ಅದನ್ನು 524.256ಕ್ಕೆ ಏರಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಹೇಳಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮುಳುಗುವ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಹೊಲಕ್ಕೆ 30 ಲಕ್ಷ ಎಂದು ದರ ಗೊತ್ತು ಮಾಡಿತು. ಅಂದಿನಿಂದ ಹೊಳೆದಂಡೆಯ ಊರುಗಳಲ್ಲಿ ಮಾತೆಲ್ಲ ಅದರದೇ. ಇನ್ನೂ ಕೈಗೆ ಬರದ ರೊಕ್ಕದ ಲೆಕ್ಕದಲ್ಲಿ ಬೈಕು ಕೊಳ್ಳುವ, ಕೈಗಡ ಎತ್ತುವ ಆಸೆ ಯಾರಿಗಾದರೂ ಹುಟ್ಟಬಹುದು. ಹಿಂದಿನ ಮುಳುಗಡೆಯಲ್ಲಿ ಬಂದ ಪರಿಹಾರ ಹೇಗೆ ಕರಗಿತು ಎಂಬುದನ್ನು ನಿಮ್ಮ ಮನೆಯ ಹಿರಿಯರನ್ನೇ ಕೇಳಿ. ಅದನ್ನು ನಾನು ಹೇಳಬೇಕಾಗಿಲ್ಲ.

ಹೊಲ ಮಾರಿದ ರೊಕ್ಕದ ಕಥೆ ನಮ್ಮ ಪುಸ್ತಕದಲ್ಲೂ ಇದೆ. ಅಪೊಸ್ತಲರ ಕೃತ್ಯಗಳ ಐದನೆಯ ಅಧ್ಯಾಯ ತೆಗೆದು ನೋಡಿ. ಅದಕ್ಕೂ ಮೊದಲು ಬಾರ್ನಬನೆಂಬವನು ತನ್ನ ಭೂಮಿ ಮಾರಿ, ಬಂದದ್ದನ್ನೆಲ್ಲ ತಂದು ಅಪೊಸ್ತಲರ ಪಾದದ ಹತ್ತಿರ ಇಟ್ಟಿದ್ದ. ನಾಲ್ಕು ಜನ ಹೊಗಳಿರಬೇಕು. ಅನನೀಯ, ಸಪ್ಫೈರ ಗಂಡಹೆಂಡಿರೂ ಹೊಲ ಮಾರಿದರು, ಒಂದಿಷ್ಟು ಮನೆಯಲ್ಲಿ ಇಟ್ಟುಕೊಂಡರು, ಉಳಿದದ್ದನ್ನು ಅನನೀಯ ತಂದು ಪೂರ್ತಿ ಇಷ್ಟೇ ಎಂಬಂತೆ ಇಟ್ಟ. ಅಪೊಸ್ತಲ ಪೇತ್ರ ಏನು ಬೈದ ನೋಡಿ. ಇಟ್ಟುಕೊಂಡದ್ದಕ್ಕೆ ಬೈಯಲಿಲ್ಲ. ಹೊಲ ನಿನ್ನದೇ ಇತ್ತು, ಮಾರಿದ ಮೇಲೆ ರೊಕ್ಕವೂ ನಿನ್ನ ಕೈಯಲ್ಲೇ ಇತ್ತು ಎಂದೇ ಹೇಳಿದ. ಅರ್ಧ ಕೊಟ್ಟಿದ್ದರೂ ನಡೆಯುತ್ತಿತ್ತು, ಕಾಲುಭಾಗ ಕೊಟ್ಟಿದ್ದರೂ ನಡೆಯುತ್ತಿತ್ತು. ಅವರು ಕೆಟ್ಟದ್ದು ಪೂರ್ತಿ ಕೊಟ್ಟವರಂತೆ ಕಾಣಿಸಿಕೊಳ್ಳುವ ಆಸೆಯಿಂದ.

ಈ ಕಥೆಯನ್ನು ಕಾಣಿಕೆ ಹೆಚ್ಚಿಸುವುದಕ್ಕೆ ಬಳಸುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಹಾಕಲಾರದವನು ಹಾಕಲಾರೆ ಎನ್ನುವ ಹಕ್ಕನ್ನು ಪೇತ್ರನೇ ಕೊಟ್ಟಿದ್ದಾನಲ್ಲ!

ನಿಮ್ಮ ವಯಸ್ಸಿನವರಿಗೆ ಇದನ್ನು ಯಾಕೆ ಹೇಳುತ್ತೇನೆಂದರೆ, ಯೌವನಸ್ಥರ ಕೂಟದಲ್ಲಿ ಸಾಕ್ಷಿ ಹೇಳಲು ಎದ್ದು ನಿಂತಾಗ ನಾಲಿಗೆ ತಾನಾಗಿಯೇ ಉದ್ದವಾಗುತ್ತದೆ. ಕುಡಿಯುವುದು ಪೂರ್ತಿ ಬಿಟ್ಟೆ, ಕೆಟ್ಟ ವಿಡಿಯೊ ನೋಡುವುದು ಪೂರ್ತಿ ಬಿಟ್ಟೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥನೆ ಮಾಡುತ್ತೇನೆ. ಎಲ್ಲರೂ ಆಮೆನ್ ಅನ್ನುತ್ತಾರೆ. ಮರುವಾರ ಕಾಲು ಜಾರಿತು ಅಂದುಕೊಳ್ಳಿ. ಈಗ ಹೇಳುವ ಹಾಗಿಲ್ಲ, ಯಾಕೆಂದರೆ ನೀನು ಪೂರ್ತಿ ಬಿಟ್ಟವನು. ಜಾರಿದವನನ್ನು ಎತ್ತಲು ಕೈಗಳಿವೆ. ಜಾರಿಲ್ಲ ಎಂದು ನಟಿಸುವವನ ಹತ್ತಿರ ಯಾರು ಹೋಗಬೇಕು? ಮೂರು ದಿನದಿಂದ ಬಿಟ್ಟಿದ್ದೇನೆ, ನಾಲ್ಕನೆಯ ದಿನಕ್ಕೆ ಪ್ರಾರ್ಥಿಸಿರಿ ಎಂದು ಹೇಳುವ ಹುಡುಗನ ಸಾಕ್ಷಿ ನನಗೆ ಸಾಕು.

ಇನ್ನು ಶೋಧನೆ ಯಾವ ಬಾಗಿಲಿಂದ ಬರುತ್ತದೆ ಎಂಬ ಮಾತು. ಜಾತ್ರೆಯ ಡೊಳ್ಳು, ಪಕ್ಕದ ಮನೆಯ ಭಜನೆ, ಇವೇ ಶೋಧನೆ ಎಂದು ಹೇಳಿಕೊಟ್ಟವರುಂಟು. ನಾನು ಒಪ್ಪುವುದಿಲ್ಲ. ಹದಿನೆಂಟನೆಯ ಶತಮಾನದ ಹರಿದಾಸಿ ಗಲಗಲಿ ಅವ್ವ ಇದೇ ಮಣ್ಣಿನವಳು. ಅವಳ ಹಾಡು ಕಿವಿಗೆ ಬಿದ್ದರೆ ನಿನ್ನ ವಿಶ್ವಾಸಕ್ಕೇನೂ ಧಕ್ಕೆಯಿಲ್ಲ. ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪ ಉತ್ತಂಗಿಯವರು ಬಾಸೆಲ್ ಮಿಷನ್ನಿನ ಪಾದ್ರಿ. ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು ಅವರೇ. 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಸರ್ವಜ್ಞನನ್ನು ಪ್ರೀತಿಸಲು ಅವರು ಯೇಸುವನ್ನು ಬಿಡಬೇಕಾಗಲಿಲ್ಲ, ಯೇಸುವಿನವರಾಗಿ ಉಳಿಯಲು ನೆರೆಯವರನ್ನು ಬೈಯಬೇಕಾಗಲೂ ಇಲ್ಲ. ಬಾಸೆಲ್ಲಿನವರು ನಮ್ಮ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. ಹೊಟ್ಟೆಗಾಗಿ ಮತ ಬಿಟ್ಟು ಹೋದವರು ಎಂಬ ಮಾತು ಅಂದಿನಿಂದ ನಮ್ಮವರ ಬೆನ್ನು ಬಿಟ್ಟಿಲ್ಲ. ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆ ನಮ್ಮ ಮನೆಗಳು ಕಡಿಮೆ, ಆದ್ದರಿಂದ ನಮ್ಮ ಮೇಲಿನ ಕಣ್ಣುಗಳು ಜಾಸ್ತಿ. ಆ ಮಾತಿಗೆ ವಾದ ಹೂಡಿ ಉತ್ತರ ಕೊಡಲು ಹೋಗಬೇಡಿ.

ಶೋಧನೆಯ ಬಾಗಿಲು ಬೇರೆ ಕಡೆ ಇದೆ. ಯೇಸುವಿಗೆ ಅಡವಿಯಲ್ಲಿ ಮೊದಲು ಬಂದ ಶೋಧನೆ ರೊಟ್ಟಿಯದು. ನಲವತ್ತು ದಿನ ಉಪವಾಸವಿದ್ದವನಿಗೆ ರೊಟ್ಟಿ ಬೇಕು ಅನ್ನಿಸುವುದರಲ್ಲಿ ಏನು ತಪ್ಪು? ಹಾಗೆಯೇ ಬರುತ್ತದೆ ಅದು, ನಿನ್ನ ನಿಜವಾದ ಹಸಿವನ್ನೇ ಹಿಡಿದುಕೊಂಡು. ಜೂಜು ಆಡೋಣ ಎಂದು ಯಾರೂ ಕೂಡುವುದಿಲ್ಲ. ಅಕ್ಕನ ಮದುವೆಯ ಸಾಲ ತೀರಲಿ, ಅಪ್ಪನ ಔಷಧಕ್ಕಾಗಲಿ ಎಂದೇ ಮೊದಲ ನೂರು ರೂಪಾಯಿ ಓಸಿ ಜೂಜಿಗೆ ಹೋಗುತ್ತದೆ. 2025ರ ಆಗಸ್ಟಿನಲ್ಲಿ ಸಂಸತ್ತು ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಕಾಯ್ದೆ ಆ್ಯಪನ್ನು ಮುಚ್ಚೀತು, ಚಪಲದ ಬೆರಳನ್ನು ಯಾರು ಕಟ್ಟಬೇಕು?

ಬೇಡ ಎಂದವನಿಗೆ ಒಳ್ಳೆಯದಾಗುತ್ತದೆ ಎಂದು ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಯೋಸೇಫನ ಕಥೆಯನ್ನು ನಮಗೆ ಅರ್ಧಕ್ಕೆ ನಿಲ್ಲಿಸಿ ಹೇಳುವವರೇ ಹೆಚ್ಚು. ಪೋಟೀಫರನ ಹೆಂಡತಿ ಹಿಡಿದಾಗ ಅವನು ಅಲ್ಲೇ ನಿಂತು ಉಪದೇಶ ಮಾಡಲಿಲ್ಲ, ಬಟ್ಟೆ ಬಿಟ್ಟು ಓಡಿದ. ಓಡಿದವನಿಗೆ ಸಿಕ್ಕದ್ದು ಸೆರೆಮನೆ. ಕಬ್ಬಿನ ಹಂಗಾಮಿನಲ್ಲಿ ಎಲ್ಲಾದರೂ ತೂಕದ ಕಾಟಾದ ಮೇಲೆ ನಿನಗೆ ಕೆಲಸ ಸಿಕ್ಕಿತು ಅಂದುಕೊ. ಟ್ರಾಲಿಗೆ ಒಂದಿಷ್ಟು ಕಡಿಮೆ ಬರಿ ಎಂದು ಯಾರೋ ಕಿವಿಯಲ್ಲಿ ಹೇಳಿದರೆ, ಇಲ್ಲ ಎಂದ ದಿನವೇ ಕೆಲಸ ಹೋಗಬಹುದು. ಮನೆಯಲ್ಲಿ ಬೈಗುಳವೂ ತಿನ್ನಬೇಕಾಗಬಹುದು. ಅದು ಗೊತ್ತಿದ್ದೇ ಇಲ್ಲ ಅನ್ನು. ಆ ಟ್ರಾಲಿ ಇನ್ನೊಬ್ಬ ರೈತನ ವರ್ಷದ ದುಡಿಮೆ, ಅವನ ಮಗಳಿಗೂ ಮದುವೆಯಿದೆ. ಮತ್ತೆ, ಇಲ್ಲ ಎಂದೆ ಎಂದು ಭಾನುವಾರ ಸಭೆಯಲ್ಲಿ ಸಾರಬೇಡ. ಸಾರಿದರೆ ಅದೂ ಅನನೀಯನ ದಾರಿಯೇ.

ತಂಗಿಯಂದಿರಿಗೂ ಒಂದು ಮಾತು. ಬಾಗಲಕೋಟೆಗೋ ಪುಣೆಗೋ ಓದಲು ಹೋದಾಗ, ನಿಮ್ಮ ದೇವರ ಹೆಸರಲ್ಲೇ ಸಲಿಗೆ ಬೆಳೆಸುವವರು ಸಿಗುತ್ತಾರೆ. ಪ್ರಾರ್ಥನೆ ಮಾಡೋಣ ಬಾ ಎಂದು ಒಬ್ಬಳನ್ನೇ ಕರೆಯುವವನು ಎಷ್ಟು ದೊಡ್ಡ ಬೋಧಕನಾದರೂ ಹೋಗಬೇಡಿ. ಮನಸ್ಸಿಗೆ ಸರಿ ಕಾಣದ್ದನ್ನು ಮನೆಗೆ ಹೇಳಿ. ಸಭೆಯ ಮರ್ಯಾದೆಯ ಚಿಂತೆ ನಿಮಗೆ ಬೇಡ, ಅದಕ್ಕೆ ನಾವು ಮುದುಕರಿದ್ದೇವೆ.

ಈಗಾಗಲೇ ಸಿಕ್ಕಿಬಿದ್ದವನಿಗೆ ಹೇಳುವುದು ಇಷ್ಟು. ತಮ್ಮಾ, ಓಸಿಯಿಂದಲೋ ಐಪಿಎಲ್ ಬೆಟ್ಟಿನಿಂದಲೋ ಸಾಲ ಆಗಿದ್ದರೆ ಮೊದಲು ಅವ್ವನಿಗೆ ಹೇಳು, ಮದುವೆಯಾಗಿದ್ದರೆ ಹೆಂಡತಿಗೆ. ಹೇಳುವಾಗ ಮೊತ್ತ ಪೂರ್ತಿ ಹೇಳು. ಎಂಬತ್ತು ಸಾವಿರ ಇದ್ದದ್ದನ್ನು ನಲವತ್ತು ಅನ್ನಬೇಡ. ಗಂಡ ಬಂದ ಮೂರು ತಾಸಿನ ಮೇಲೆ ಬಂದ ಸಪ್ಫೈರಳಿಗೆ ಪೇತ್ರ ಕೇಳಿದ್ದೂ ಮೊತ್ತವನ್ನೇ. ಆಮೇಲೆ ಫೋನು ಅವರ ಕೈಗೆ ಕೊಡು, ಪಿನ್ ಅವರೇ ಬದಲಿಸಲಿ. ಬಡ್ಡಿಗೆ ಕೊಟ್ಟವನ ಹತ್ತಿರ ಒಬ್ಬನೇ ಹೋಗಬೇಡ, ನನ್ನನ್ನು ಕರಿ, ಬರುತ್ತೇನೆ. ಭಾನುವಾರ ಸಭೆಗೆ ಬಾ. ಹಾಡಿಗೆ ದನಿ ಏಳದಿದ್ದರೆ ಸುಮ್ಮನೆ ಕೂಡು. ಯಾರಾದರೂ ಸಾಕ್ಷಿ ಹೇಳು ಎಂದು ಎಬ್ಬಿಸಿದರೆ ಈ ವಾರ ಬೇಡ ಅನ್ನು. ಸಭಾಪಾಲಕರಿಗೆ ನಾನು ತಿಳಿಸಿ ಹೇಳುತ್ತೇನೆ.